ಬಲಗಡೆಯ ಸಿಪಾಯಿ

ಆ ಮನೆಯಲ್ಲಿ ರೇಣುಕಾದೇವಿಗೆ ಕಂಡರೆ ಆಗದ ವಸ್ತು ಒಂದೇ. ಪಡಸಾಲೆಯ ಮೂಲೆಯಲ್ಲಿ, ಅಕ್ಕಿ ಚೀಲ ಇಡಬೇಕಾದ ಜಾಗದಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿದ್ದ ಹಳೆಯ ಕಂಪ್ಯೂಟರ್. ಅವಳು ಗಂಗಾವತಿಗೆ ಸೊಸೆಯಾಗಿ ಬಂದ ದಿನ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರು. ಟಿ.ವಿ. ಇರಬೇಕೆಂದು ಹೊಸ ಸೊಸೆ ಒಳಗೊಳಗೇ ಹಿಗ್ಗಿದ್ದಳು. ಮೊದಲ ಭಾನುವಾರಕ್ಕೇ ಆ ಹಿಗ್ಗು ಇಳಿಯಿತು. ಅವತ್ತು ಗಂಡನ ಇಬ್ಬರು ಗೆಳೆಯರು ಬೆಳಿಗ್ಗೆಯೇ ಬಂದು, ಊಟದ ಹೊತ್ತು ಮೀರುವ ತನಕ ಅದರ ಗುಂಡಿ ಕುಟ್ಟುತ್ತ ಕೂತರು. ಮುಂದೆ ಎಷ್ಟೋ ಭಾನುವಾರಗಳು ಹಾಗೆಯೇ ಹೋದವು.

ಅವಳ ಗಂಡ ಗೋವಿಂದರಾಜ, ಮುನವ್ವರ, ತಿರುಪತಿ ಮೂವರೂ ೧೯೯೮ರಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಟೈಪಿಂಗ್ ಕ್ಲಾಸಿಗೆ ಸೇರಿದ ಹುಡುಗರು. ಮುನವ್ವರ ರೇಡಿಯೋ ರಿಪೇರಿಯ ನಜೀರಸಾಬನ ಮಗ. ತಿರುಪತಿ ಕಾಲುವೆ ಬದಿಯ ಆಂಧ್ರ ವಲಸಿಗರ ಕ್ಯಾಂಪಿನವನು, ಅವನ ಕನ್ನಡಕ್ಕೆ ಆಗ ಇನ್ನೂ ತೆಲುಗಿನ ರಾಗವಿತ್ತು. ಮಾಸ್ತರರು ಊಟಕ್ಕೆ ಹೋದೊಡನೆ ಇವರು ಕ್ಲಾಸಿನ ಕಂಪ್ಯೂಟರಿಗೆ ಫ್ಲಾಪಿ ಹಾಕಿ ಕೋಟೆಯ ಆಟ ಶುರು ಮಾಡುತ್ತಿದ್ದರು. ಕೋಟೆಯೊಂದರಲ್ಲಿ ಇಬ್ಬರು ಸಿಪಾಯಿಗಳು ಸೆರೆ ಸಿಕ್ಕಿದ್ದಾರೆ. ಎಡಗಡೆಯವನನ್ನು ಅಕ್ಷರದ ಗುಂಡಿಗಳಿಂದ, ಬಲಗಡೆಯವನನ್ನು ಬಾಣದ ಗುಂಡಿಗಳಿಂದ ಓಡಿಸಬೇಕು. ಹೊರಬಿದ್ದರೆ ಇಬ್ಬರೂ ಬೀಳಬೇಕು, ಒಬ್ಬ ಸತ್ತರೆ ಇಬ್ಬರೂ ಮೊದಲ ಕೋಣೆಗೆ ವಾಪಸ್. ಕೊನೆಗೊಂದು ಬಾವಿ. ಎಡಗಡೆಯವ ಬಾಗಿಲ ಹಗ್ಗ ಎಳೆದು ಹಿಡಿದಿರುವಷ್ಟರಲ್ಲಿ ಬಲಗಡೆಯವ ಅದನ್ನು ಹಾರಬೇಕು. ಊರಿನಲ್ಲಿ ಆ ಬಾವಿ ದಾಟಿದವನು ಗೋವಿಂದರಾಜ ಒಬ್ಬನೇ. ಹಗ್ಗ ಹಿಡಿಯುವವನು ಮುನವ್ವರ. ಮೂರನೆಯ ಸಿಪಾಯಿ ಇಲ್ಲವಲ್ಲ, ತಿರುಪತಿ ಇಬ್ಬರ ಬೆನ್ನ ಹಿಂದೆ ನಿಂತು, ಹಾರುವ ಕ್ಷಣಕ್ಕೆ ಸರಿಯಾಗಿ 'ಈಗ' ಅನ್ನುತ್ತಿದ್ದ. ಅವನು ಅನ್ನದೆ ಹಾರಿದರೆ ಸಿಪಾಯಿ ಬಾವಿಗೆ ಬೀಳುತ್ತಾನೆಂದು ಮೂವರೂ ನಂಬಿದ್ದರು.

ಕ್ಲಾಸು ಮುಚ್ಚಿದಾಗ ಗೋವಿಂದರಾಜ ತನ್ನ ಮೊದಲ ಸಂಬಳದಲ್ಲಿ ಆ ಕಂಪ್ಯೂಟರನ್ನೇ ಮನೆಗೆ ತಂದ. ರಿಪೇರಿ ಅಂಗಡಿ ಇಟ್ಟ ಮುನವ್ವರ ಗುಜರಿಯ ಭಾಗ ಹುಡುಕಿ ಹುಡುಕಿ ಅದರ ಜೀವ ಉಳಿಸಿಕೊಂಡು ಬಂದ. ತಿರುಪತಿ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತನಾಗಿ ಸೇರಿ ಮ್ಯಾನೇಜರ್ ಆದ, ಗೋವಿಂದರಾಜನನ್ನೂ ಬಿಲ್ ಹಾಕುವ ಕೆಲಸಕ್ಕೆ ಅಲ್ಲಿಗೇ ಕರೆದುಕೊಂಡ. ಮೂವರ ಕೂದಲೂ ಬೆಳ್ಳಗಾಗತೊಡಗಿದರೂ ಕೋಟೆಯೊಳಗೆ ಅವರಿಗೆ ವಯಸ್ಸಾಗಲಿಲ್ಲ.

೨೦೧೯ರ ಯುಗಾದಿಯ ಹಿಂದಿನ ವಾರ ಗೋವಿಂದರಾಜ ಬಚ್ಚಲಲ್ಲಿ ಬಿದ್ದ. ಲಕ್ವಾ ಹೊಡೆದಿತ್ತು. ಕಾಲು ಹೇಗೋ ಎಳೆದಾಡುವಷ್ಟು ಬಂತು, ಮಾತೂ ಬಂತು, ಬಲಗೈ ಮಾತ್ರ ಬರಲಿಲ್ಲ. ಮಿಲ್ಲಿನ ಸಾಹುಕಾರರಿಗೆ ತಿರುಪತಿ ಹೇಳಿ ಅರ್ಧ ಸಂಬಳ ಮನೆಗೆ ಬರುವ ಹಾಗೆ ಮಾಡಿದ. ಕೈ ಬರುವ ತನಕ ಕೊಡುತ್ತೇನೆ, ಬಂದ ಮೇಲೆ ಕುರ್ಚಿ ಅವನದೇ ಎಂದಿದ್ದರು ಸಾಹುಕಾರರು. ಮನೆಯ ಒಲೆ, ಔಷಧ, ಕೊಪ್ಪಳದ ಹಾಸ್ಟೆಲಿನಲ್ಲಿ ಪಿ.ಯು.ಸಿ. ಓದುತ್ತಿದ್ದ ಮಗಳು ದುರ್ಗಾದೇವಿಯ ಖರ್ಚು ಎಲ್ಲ ಆ ಅರ್ಧದಲ್ಲೇ ನಡೆಯಬೇಕು. ರೇಣುಕಾದೇವಿ ನಡೆಸುತ್ತಿದ್ದಳು. ರೊಟ್ಟಿಯ ಜೊತೆ ಕಾಳುಪಲ್ಯ ಇದ್ದ ದಿನ ಸಾರು ಇರಲಿಲ್ಲ.

ಅತ್ತೆ ಯಮನೂರಮ್ಮ ಮಗನ ಕೈಗಾಗಿ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಳು. ಕೈ ಬಂದರೆ ಬೆಳ್ಳಿಯ ಕೈ ಮಾಡಿಸಿ ಒಪ್ಪಿಸುತ್ತೇನೆ ಅಂತ. ಅವಳಿಗೆ ಕಣ್ಣಿಗೆ ಪೊರೆ ಬಂದು, ಒಂದು ಕಣ್ಣಿನದಾದರೂ ಆಪರೇಷನ್ ಮಾಡಿಸಲಾಗದೆ, ಜನ ಬರೀ ನೆರಳಿನ ಹಾಗೆ ಕಾಣುತ್ತಿದ್ದರು. ಯಾರೇ ಬಂದರೂ ಎರಡೂ ಕೈಯಲ್ಲಿ ಅವರ ಕೈ ಹಿಡಿದು, ಸವರಿ, ಹೆಸರು ಹೇಳುವಳು. ಮುನವ್ವರನ ಹೆಬ್ಬೆರಳ ಬುಡದಲ್ಲಿ ಕಾದ ಬೆಸುಗೆ ಕಡ್ಡಿ ತಾಗಿ ಆದ ಗಂಟಿನಂಥ ಸುಟ್ಟ ಕಲೆಯಿತ್ತು. ಅದು ಬೆರಳಿಗೆ ಸಿಕ್ಕಿದ ಕೂಡಲೇ ಅವಳು ಕೇಳುವ ಮಾತು ಒಂದೇ. "ಮುನವ್ವರಾ, ನೀ ಉಂಡಿಯೇನಪಾ?"

ಮುನವ್ವರ ಭಾನುವಾರ ತಪ್ಪಿಸಲಿಲ್ಲ. ಸತ್ತ ಬೆರಳುಗಳನ್ನು ದಿನಾ ಆಡಿಸಬೇಕೆಂದು ಫಿಜಿಯೋಥೆರಪಿಯವರು ಹೇಳಿದ್ದರು. ಸುಮ್ಮನೆ ಯಾಕೆ ಆಡಿಸುವುದು ಎಂದು ಮುನವ್ವರ ಗೋವಿಂದರಾಜನ ಬಲಗೈಯನ್ನು ಬಾಣದ ಗುಂಡಿಗಳ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟು, ಅವನ ಬೆರಳುಗಳಿಂದಲೇ ಒತ್ತತೊಡಗಿದ. ಎಡಗಡೆಯ ಸಿಪಾಯಿ ಈಗ ಗೋವಿಂದರಾಜನ ಒಳ್ಳೆಯ ಕೈಗೆ ಬಂದ. ಮೊದಮೊದಲು ಇಬ್ಬರು ಸಿಪಾಯಿಗಳೂ ಮೊದಲ ಕೋಣೆಯಲ್ಲೇ ಸಾಯುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಬಾವಿಯ ತನಕ ಹೋದರು. ಗೋವಿಂದರಾಜ ಮತ್ತೆ ನಗುವುದನ್ನು ಕಲಿತದ್ದು ಅದೇ ದಿನಗಳಲ್ಲಿ. ಒಳಗೆ ರೊಟ್ಟಿ ತಟ್ಟುತ್ತಿದ್ದ ರೇಣುಕಾದೇವಿಗೆ ಆ ನಗು ಕೇಳಿ ಸಿಟ್ಟೂ ಬರುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ತಿರುಪತಿ ಬರುವುದು ಅಪರೂಪ. ಬಂದರೆ ಮೋಸಂಬಿ ತರುತ್ತಿದ್ದ, ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ, ಮಿಲ್ಲಿನ ಸುದ್ದಿ ಹೇಳಿ ಎದ್ದುಬಿಡುತ್ತಿದ್ದ. ಅದು ಗೋವಿಂದರಾಜನಿಗೆ ಚುಚ್ಚುತ್ತಿತ್ತು.

"ಅವಾ ನನ್ನ ಕೈ ನೋಡೂದಿಲ್ಲಲೇ. ಗ್ವಾಡಿ ನೋಡತಾನ," ಎಂದು ಒಂದು ಭಾನುವಾರ ಮುನವ್ವರನಿಗೆ ಹೇಳಿದ. "ಒಮ್ಮೆ ಅವನ ಮುಂದ ಬಾವಿ ದಾಟೂಣು. ಆಮ್ಯಾಲ ಹೇಳಿ ನಗೂಣು."

ಮುನವ್ವರ ಒಪ್ಪಿದ. ಇದಕ್ಕಿಂತ ದೊಡ್ಡ ತಮಾಷೆಗಳನ್ನು ಅವರು ಎಷ್ಟೋ ಮಾಡಿದ್ದರು. ಕೈಗೆ ಗಾಳಿ ತಾಗಬಾರದೆಂಬ ನೆವದಿಂದ ಮೇಲೆ ಶಾಲು ಹೊದಿಸಿದರು. ಗೋವಿಂದರಾಜನ ಬೆರಳ ತುದಿ ಮಾತ್ರ ಹೊರಗೆ, ಒತ್ತುವ ಮುನವ್ವರನ ಕೈ ಶಾಲಿನೊಳಗೆ. ತಿರುಪತಿ ಬಂದವನು ಅಭ್ಯಾಸದಂತೆ ಬೆನ್ನ ಹಿಂದೆ ನಿಂತ. ಸಿಪಾಯಿಗಳು ಓಡಿದರು, ಬಾಗಿಲು ತೆರೆಯಿತು, ಬಾವಿ ಬಂತು. ತಿರುಪತಿಯ ಬಾಯಿಂದ ತಾನಾಗಿಯೇ 'ಈಗ' ಬಂತು. ಬಲಗಡೆಯ ಸಿಪಾಯಿ ಹಾರಿ ಆಚೆ ಬಿದ್ದ.

ನಗಬೇಕೆಂದು ಇಬ್ಬರೂ ತಿರುಗಿದರೆ ತಿರುಪತಿ ಅಳುತ್ತಿದ್ದ. ಆ ಜಿಗಿತ ಎಂಥದೆಂದು ಅವನಿಗೆ ಗೊತ್ತು. ಎರಡು ಬೆರಳು ಏಕಕಾಲಕ್ಕೆ ಇಳಿಯದಿದ್ದರೆ ಅದು ಆಗುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಏನೋ ಆಡುತ್ತಿದ್ದಾನೆಂದು ಸುಮ್ಮನಾಗುತ್ತಿದ್ದರು, ಮೋಸಹೋಗಲು ಆ ಆಟ ಬಲ್ಲವನೇ ಬೇಕಾಯಿತು. "ವೈನಿ, ಕೈ ಬಂತ್ರಿ. ಬಾವಿ ದಾಟ್ಯಾನ," ಎಂದು ಅವನು ಅಡುಗೆಮನೆಯತ್ತ ಹೋದ. ರೇಣುಕಾದೇವಿ ಚಹದ ಕಪ್ಪು ಹಿಡಿದೇ ಪಡಸಾಲೆಗೆ ಓಡಿ ಬಂದಳು. ಹಾಸಿಗೆಯಲ್ಲಿದ್ದ ಯಮನೂರಮ್ಮ ಎದ್ದು ಕೂತು ಹುಲಿಗೆಮ್ಮನ ಹೆಸರು ಹಿಡಿದು ಕೈ ಮುಗಿದಳು. ತಮಾಷೆಯನ್ನು ಬಿಚ್ಚಿ ಹೇಳಲು ಅಲ್ಲಿ ಜಾಗವೇ ಉಳಿಯಲಿಲ್ಲ. ನಾಳೆ ಹೇಳೋಣವೆಂದು ಗೋವಿಂದರಾಜ ಕಣ್ಣಲ್ಲೇ ಗೆಳೆಯನಿಗೆ ಸೂಚಿಸಿದ, ಮುನವ್ವರ ಶಾಲಿನೊಳಗಿಂದ ಕೈ ತೆಗೆದುಕೊಂಡ.

ಆ ನಾಳೆ ಬರಲಿಲ್ಲ. ಮರುದಿನ ಮನೆಯಲ್ಲಿ ಹೋಳಿಗೆ ಆಯಿತು. ದುರ್ಗಾ ಫೋನಿನಲ್ಲಿ ಅಪ್ಪನೊಂದಿಗೆ ಎಷ್ಟೋ ಹೊತ್ತು ಮಾತಾಡಿದಳು. ಸ್ನಾನ ಮಾಡಿಸುವಾಗ ರೇಣುಕಾದೇವಿಗೆ ಕೈ ಮಾತ್ರ ಎಂದಿನಂತೆಯೇ ಜೋತುಬಿದ್ದಂತೆ ಕಂಡಿತು.

"ಆಟದಾಗ ಬರೂ ಕೈ ಊಟದಾಗ ಬರೂದಿಲ್ಲೇನ್ರಿ?"

"ಸ್ವಲ್ಪ ಸ್ವಲ್ಪ ಬರಾಕ ಹತ್ತೈತಿ. ಅವಸರ ಮಾಡಬ್ಯಾಡ."

ಅವಳು ಮತ್ತೆ ಕೇಳಲಿಲ್ಲ. ಅಷ್ಟು ತಿಂಗಳ ಮೇಲೆ ಮನೆಗೆ ಒಂದು ಒಳ್ಳೆಯ ಸುದ್ದಿ ಬಂದಿತ್ತು, ಅದನ್ನು ಕೆದಕಿ ನೋಡುವ ಮನಸ್ಸು ಅವಳಿಗಾಗಲಿಲ್ಲ. ಯಮನೂರಮ್ಮ ತನ್ನ ಬೆಳ್ಳಿ ಕಡಗ ಬಿಚ್ಚಿ ಪತ್ತಾರನಿಗೆ ಕೊಟ್ಟಳು. ಮನೆಯಲ್ಲಿ ಮಾರಬಹುದಾದದ್ದು ಎಂದು ಉಳಿದಿದ್ದದ್ದು ಅದೊಂದೇ, ದುರ್ಗಾಳ ಮದುವೆಗೆಂದು ಇಟ್ಟದ್ದು. ಪತ್ತಾರ ಅದನ್ನು ಕರಗಿಸಿ ಐದು ಬೆರಳಿನ ಪುಟ್ಟ ಕೈ ಮಾಡಿದ. ಮುದುಕಿ ಅದನ್ನು ಮಗನ ಅಂಗೈಯೊಳಗೆ ಇಟ್ಟು, ಮುಟ್ಟಿಸಿ ತೆಗೆದುಕೊಂಡಳು. ಮಂಗಳವಾರ ಅತ್ತೆ ಸೊಸೆ ಬಸ್ಸಿನಲ್ಲಿ ಹುಲಿಗಿಗೆ ಹೋಗಿ ಅದನ್ನು ದೇವಿಯ ಹುಂಡಿಗೆ ಹಾಕಿ ಬಂದರು.

ಅತ್ತ ತಿರುಪತಿ ಮಿಲ್ಲಿನಲ್ಲಿ ಪೇಢೆ ಹಂಚಿದ್ದ. ಗೋವಿಂದನ ಕೈ ಬಂತೆಂದು ಸಾಹುಕಾರರಿಗೆ ತಾನೇ ಹೋಗಿ ಹೇಳಿದ್ದ. ಅವರೂ ಸಂತೋಷಪಟ್ಟರು. ಸುಗ್ಗಿ ಶುರುವಾಗಿದೆ, ಸೋಮವಾರದಿಂದ ಬರಲಿ ಎಂದು ಹೇಳಿ, ಅವನ ಬದಲಿಗೆ ಇಟ್ಟುಕೊಂಡಿದ್ದ ಹುಡುಗನನ್ನು ಬಿಡಿಸಿದರು. ಅರ್ಧ ಸಂಬಳ ಅಲ್ಲಿಗೆ ನಿಂತಿತು. ಸುದ್ದಿ ತಂದ ತಿರುಪತಿಯ ಮುಖ ನೋಡಿ ಗೋವಿಂದರಾಜ ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ಎಡಗೈಯಲ್ಲಿ ಹೇಗೋ ನಿಭಾಯಿಸುತ್ತೇನೆಂದು ಮುನವ್ವರನ ಮುಂದೆ ಹಟ ಹಿಡಿದ. ಮುನವ್ವರ ಬೈದ, ಬೇಡಿಕೊಂಡ. ಕೊನೆಗೆ ತಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಮಿಲ್ಲಿನ ಬಾಗಿಲಿಗೆ ಬಿಟ್ಟು ಬಂದ.

ಗೇಟಿನಾಚೆ ಲಾರಿಗಳು ಸಾಲುಗಟ್ಟಿದ್ದವು. ಗೋವಿಂದರಾಜ ಒಂದೊಂದು ಅಕ್ಷರ ಹುಡುಕಿ ಎಡಗೈಯಲ್ಲಿ ಒತ್ತುವಷ್ಟರಲ್ಲಿ ಡ್ರೈವರುಗಳು ಕಿಟಕಿಗೆ ಮುತ್ತಿದರು. ಅವಸರದಲ್ಲಿ ಒಬ್ಬನ ಚೀಲದ ಲೆಕ್ಕ ಇನ್ನೊಬ್ಬನ ಬಿಲ್ಲಿಗೆ ಬಿತ್ತು. ಕೂಗಾಟ ಕೇಳಿ ಸಾಹುಕಾರರು ಒಳಗಿನಿಂದ ಬಂದರು. ಕಿರಿಚಾಡುವ ಮನುಷ್ಯರಲ್ಲ ಅವರು. ಬಲಗೈ ಎತ್ತಿ ತೋರಿಸು ಎಂದರು. ಎಲ್ಲರೆದುರು ಗೋವಿಂದರಾಜ ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟ. ಸಾಹುಕಾರರು ತಿರುಪತಿಯ ಕಡೆ ತಿರುಗಿ, ಇಷ್ಟು ವರ್ಷ ನಿನ್ನ ಮಾತಿಗೆ ಬೆಲೆ ಕೊಟ್ಟೆನಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು. ಸಂಜೆಗೆ ಬೇರೊಬ್ಬ ಖಾಯಂ ಆಗಿ ಬಂದ. ಸುಳ್ಳು ಹೇಳಿದ ಮನೆಗೆ ಅರ್ಧ ಸಂಬಳವೂ ಇಲ್ಲವೆಂದಾಯಿತು.

ಮುನವ್ವರ ಮರುದಿನವೇ ಸಾಹುಕಾರರ ಹತ್ತಿರ ಹೋಗಿ, ಗುಂಡಿ ಒತ್ತಿದ್ದು ತಾನು ಎಂದು ಹೇಳಿದ. ನಲವತ್ತು ದಾಟಿದ ಗಂಡಸರು ಶಾಲಿನೊಳಗೆ ಕೈ ಹಿಡಿದುಕೊಂಡು ಸಿಪಾಯಿ ಆಟ ಆಡಿದರೆಂಬುದನ್ನು ಅವರು ನಂಬಲಿಲ್ಲ. ಅಲ್ಲಿಂದ ಅವನು ನೇರವಾಗಿ ಗೆಳೆಯನ ಮನೆಗೆ ಬಂದ. ಯಮನೂರಮ್ಮ ಗುಡಿಯ ಕಟ್ಟೆಗೆ ಹೋಗಿದ್ದಳು. ತಿರುಪತಿ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಶಾಲಿನ ಸುಳ್ಳನ್ನು ಗೋವಿಂದರಾಜ ಅವನಿಗೂ ಹೆಂಡತಿಗೂ ಬಿಚ್ಚಿ ಹೇಳಿ ಮುಗಿಸಿದ್ದ.

"ನಂಗೊಬ್ಬಂಗ ಹೇಳಬೇಕಿತ್ತಲೇ," ಎಂದ ತಿರುಪತಿ. "ನಾ ನಗತಿದ್ದೆ. ನಿಮ್ಮ ಹಿಂದ ನಿಂತು ನಗೂದ ಅಲ್ಲೇನು ನಾ ಇಷ್ಟು ವರ್ಷ ಮಾಡಿದ್ದು?"

ಅವನು ಹೊರಟು ಹೋದ. ರೇಣುಕಾದೇವಿಯ ಸಿಟ್ಟೆಲ್ಲ ಗಂಡನನ್ನು ಬಿಟ್ಟು ಮುನವ್ವರನ ಮೇಲೆ ಬಿತ್ತು.

"ಮುನವ್ವರಣ್ಣಾ, ನೀವು ಮೂರೂ ಮಂದಿ ಇನ್ನೂ ಆ ಕೋಟಿಯೊಳಗ ಅದೀರಿ. ನಿಮಗ ಸತ್ರೂ ಮತ್ತ ಮೊದಲಿಂದ ಶುರು ಮಾಡಾಕ ಬರತೈತಿ. ನಾ ಹೊರಗ ಅದೀನಿ. ನಂಗ ಒಲಿ ಹಚ್ಚಬೇಕು. ಇನ್ನ ಮ್ಯಾಲ ಈ ಮನಿಗಿ ಬರಬ್ಯಾಡ್ರಿ."

ಮುನವ್ವರ ತಲೆ ತಗ್ಗಿಸಿ ಹೋದ. ಗೋವಿಂದರಾಜ ಎದ್ದು ಕಂಪ್ಯೂಟರಿನ ವೈರು ಎಡಗೈಯಿಂದಲೇ ಕಿತ್ತು, ಕಸೂತಿ ಬಟ್ಟೆ ಹೊದಿಸಿದ. ಆಮೇಲೆ ಅದನ್ನು ಯಾರೂ ತೆರೆಯಲಿಲ್ಲ.

ರೇಣುಕಾದೇವಿ ಊರ ಆಚೆಯ ಬೇರೊಂದು ಮಿಲ್ಲಿನ ಕಣಕ್ಕೆ ಕೂಲಿ ಹೋಗತೊಡಗಿದಳು. ಕುದಿಸಿದ ಭತ್ತವನ್ನು ಬಿಸಿಲಲ್ಲಿ ಹರಡಿ, ಕಾಲಿನಿಂದ ಸಾಲು ಎಳೆದು, ಸಂಜೆ ಗುಡಿಸಿ ಗುಡ್ಡೆ ಹಾಕುವ ಕೆಲಸ. ಬಂದ ಮೇಲೆ ಅಂಗಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಒಲೆಯ ಮುಂದೆ ಕೂರುವಳು. ಸ್ತ್ರೀಶಕ್ತಿ ಸಂಘದ ಕೆಲಸಕ್ಕೆ ಹೋಗುತ್ತೇನೆಂದು ಅತ್ತೆಗೆ ಹೇಳಿದ್ದಳು. ಕೈ ಇನ್ನೂ ಎಳೆಯದು, ವಿಶ್ರಾಂತಿ ಬೇಕೆಂದು ಸಾಹುಕಾರರೇ ರಜೆ ಕೊಟ್ಟಿದ್ದಾರೆ ಎಂದೂ ಹೇಳಿದ್ದಳು. ಗೋವಿಂದರಾಜ ತಾಯಿಗೆ ಬೆನ್ನು ಮಾಡಿ ಎಡಗೈಯಲ್ಲಿ ಉಣ್ಣುತ್ತಿದ್ದ. ಮಾತು ಕಡಿಮೆಯಾಯಿತು, ಬೆರಳು ಆಡಿಸುವುದನ್ನೂ ಬಿಟ್ಟ. ಕೈ ಇನ್ನಷ್ಟು ಮುದುಡಿಕೊಂಡಿತು. ಭಾನುವಾರ ಬಂತೆಂದರೆ ಬೆಳಿಗ್ಗೆಯಿಂದ ಬೀದಿಯ ಸ್ಕೂಟರಿನ ಸದ್ದಿಗೆಲ್ಲ ಕತ್ತು ಎತ್ತುತ್ತಿದ್ದ. ರೇಣುಕಾದೇವಿಗೆ ಅದು ಕಾಣುತ್ತಿತ್ತು. ಆದರೂ ಅವಳು ಸೋತು ಮುನವ್ವರನನ್ನು ಕರೆಯಲಿಲ್ಲ.

ಸೋಲಿಸಿದವಳು ಯಮನೂರಮ್ಮ. ಹರಕೆ ಮುಟ್ಟಿಸಿದ ಮೇಲೆ ಗುಣವಾದವನು ಅದೇ ಕೈಯಿಂದ ಎಲ್ಲರ ನಡುವೆ ಕೂತು ಉಣ್ಣಬೇಕು, ಇಲ್ಲವಾದರೆ ಹರಕೆ ಅರ್ಧಕ್ಕೆ ನಿಂತಂತೆ ಎಂದು ಅವಳು ದಿನವೂ ಹಟ ಮಾಡಿದಳು. ಬರುವ ಶುಕ್ರವಾರವೇ ಆಗಲಿ, ಮಗನ ಇಬ್ಬರು ಗೆಳೆಯರನ್ನೂ ಕರೆಯಬೇಕು, ತಾನು ಎದುರಿಗೆ ಕೂರಬೇಕು. ಆ ಹುಡುಗರು ಯಾಕೆ ಬರುತ್ತಿಲ್ಲವೆಂದೂ ಕೇಳಿದಳು. ಗೋವಿಂದರಾಜ ಹೆಂಡತಿಯನ್ನು ಒಳಗೆ ಕರೆದು, ಇನ್ನು ತನ್ನಿಂದ ಆಗದು, ಅವ್ವನಿಗೆ ಹೇಳಿಬಿಡುತ್ತೇನೆ ಎಂದ.

"ಬ್ಯಾಡ," ಎಂದಳು ರೇಣುಕಾದೇವಿ. "ಕಡಗಾ ಹೋಗೇತಿ. ಇನ್ನ ಕೈನೂ ಹೋತು ಅಂದ್ರ ಆಕಿ ಉಳಿಯೂದಿಲ್ಲ."

ಗುರುವಾರ ಕಣದಿಂದ ಬರುವಾಗ, ಕಾಲಿಗೆ ಅಂಟಿದ ಭತ್ತದ ಹೊಟ್ಟಿನ ಸಮೇತ ಅವಳು ಮುನವ್ವರನ ಅಂಗಡಿಗೆ ಹೋದಳು. ಅವನು ಎದ್ದು ಸ್ಟೂಲು ಕೊಟ್ಟ. ಅವಳು ಕೂರಲಿಲ್ಲ.

"ಅವತ್ತ ಮಾಡಿದ್ದನ್ನ ಇನ್ನೊಮ್ಮಿ ಮಾಡಬೇಕ್ರಿ ಅಣ್ಣಾ. ಈ ಸಲ ತಾಟಿನ್ಯಾಗ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ. "ಬರತೀನಿ ವೈನಿ," ಎಂದ. "ತಿರುಪತಿನ್ನೂ ಕರಕೊಂಡ ಬರತೀನಿ. ಬರದಿದ್ರ ಹೊತ್ಕೊಂಡ ಬರತೀನಿ."

ಶುಕ್ರವಾರ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಕಿದರು. ರೇಣುಕಾದೇವಿ ಅರ್ಧ ದಿನದ ಕೂಲಿ ಬಿಟ್ಟು ಹೋಳಿಗೆ, ಅನ್ನ, ಕಟ್ಟಿನ ಸಾರು ಮಾಡಿದ್ದಳು. ಗೋವಿಂದರಾಜನ ಬಲಕ್ಕೆ ಮುನವ್ವರ ಒತ್ತಿ ಕೂತ. ಭುಜದಿಂದ ಮಣಿಕಟ್ಟಿನ ತನಕ ಅದೇ ಶಾಲು. ತಿರುಪತಿ ಯಾರ ಮುಖವನ್ನೂ ನೋಡದೆ ಬಂದು, ಜಾಗವಿದ್ದರೂ ಇಬ್ಬರ ಬೆನ್ನ ಹಿಂದೆ ಗೋಡೆಗೆ ಒರಗಿ ಕೂತ. ಮಿಲ್ಲಿನಲ್ಲಿ ಅವನ ಮೇಜು ಈಗ ಹೊರಗಿನ ತೂಕದ ಕೋಣೆಗೆ ಬಂದಿತ್ತು. ಅದನ್ನು ಅವನು ಹೇಳಲಿಲ್ಲ, ಮುನವ್ವರ ಹೇಳಿದ್ದ. ಎದುರಿಗೆ ಯಮನೂರಮ್ಮ ಕಣ್ಣು ಕಿರಿದು ಮಾಡಿಕೊಂಡು, ಮಗನ ನೆರಳನ್ನೇ ನೋಡುತ್ತ ಕೂತಳು.

ಮುನವ್ವರನ ಕೈ ಶಾಲಿನೊಳಗೆ ಸೇರಿತು. ಸತ್ತ ಬೆರಳುಗಳನ್ನು ಕೂಡಿಸಿ, ಅವುಗಳ ಮೇಲೆ ತನ್ನ ಬೆರಳು ಹೊಂದಿಸಿ, ಅನ್ನಕ್ಕೆ ಇಳಿಸಿದ. ಗುಂಡಿ ಒತ್ತುವುದು ಬೇರೆ, ತುತ್ತು ಕಟ್ಟುವುದು ಬೇರೆ. ಅನ್ನ ಬೆರಳ ಸಂದಿಯಿಂದ ಉದುರಿತು. ಇನ್ನೊಮ್ಮೆ ಕಟ್ಟಿದ, ಅದೂ ಉದುರಿತು. ಮುನವ್ವರನ ಹಣೆಯಲ್ಲಿ ಬೆವರು ಮೂಡಿತು. ರೇಣುಕಾದೇವಿ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಮೂರನೆಯ ಬಾರಿಗೆ ತುತ್ತು ನಿಂತಿತು, ಆದರೆ ಎತ್ತುವ ಧೈರ್ಯ ಅವನಿಗೆ ಬರಲಿಲ್ಲ. ಕೈ ತಾಟಿನ ಮೇಲೆಯೇ ನಿಂತಿತು. ಆಗ ಬೆನ್ನ ಹಿಂದಿನಿಂದ ತಿರುಪತಿ ಮೆಲ್ಲಗೆ ಹೇಳಿದ.

"ಈಗ."

ಕೈ ಎದ್ದಿತು. ತುತ್ತು ಗೋವಿಂದರಾಜನ ಬಾಯಿಗೆ ಹೋಯಿತು. ಅವನು ಅಗಿದ, ನುಂಗಿದ. ಬಾವಿ ದಾಟಿತೆಂದೇ ನಾಲ್ವರೂ ತಿಳಿದರು.

ಯಮನೂರಮ್ಮ ಸಂತೋಷಕ್ಕೆ ಮುಂದೆ ಬಗ್ಗಿದಳು. ಹುಲಿಗೆಮ್ಮ ಕೊಟ್ಟ ಕೈಯನ್ನು ಒಮ್ಮೆ ಕಣ್ಣಿಗೊತ್ತಿಕೊಳ್ಳಬೇಕೆಂದು ತಾಟಿನ ಮೇಲಿಂದ ಎರಡೂ ಕೈ ಚಾಚಿ, ಶಾಲಿನ ಅಂಚಿನಲ್ಲಿ ಸಿಕ್ಕ ಕೈಯನ್ನು ಹಿಡಿದಳು. ಯಾರಿಗೂ ತಡೆಯಲಾಗಲಿಲ್ಲ. ಹಿಡಿದ ಕೈ ಬೆಚ್ಚಗಿತ್ತು, ಅವಳ ಮುಖ ಅರಳಿತು. ಅವಳ ಹೆಬ್ಬೆರಳು ಅಭ್ಯಾಸದಂತೆ ಆ ಕೈಯನ್ನು ಸವರುತ್ತ ಸವರುತ್ತ ಸುಟ್ಟ ಕಲೆಯ ಗಂಟಿನ ಮೇಲೆ ಬಂದು ನಿಂತಿತು.

ಮುದುಕಿ ಆ ಕಲೆಯನ್ನು ಇನ್ನೊಮ್ಮೆ ಸವರಿದಳು. ಆಮೇಲೆ ಇನ್ನೊಂದು ಕೈಯಿಂದ ಶಾಲಿನೊಳಗೆ ತಡಕಾಡಿ, ಮಗನ ಕೈಯನ್ನು ಹುಡುಕಿ ಹಿಡಿದಳು. ಅದು ತಣ್ಣಗಿತ್ತು. ಎರಡನ್ನೂ ಒಟ್ಟಿಗೆ ಹಿಡಿದು, ಒಂದೊಂದಾಗಿ ಸವರಿದಳು.

ಕೊನೆಗೆ ಮುಖ ಎತ್ತಿ, ಸೊಸೆ ನಿಂತಿರಬಹುದಾದ ಕಡೆ ತಿರುಗಿದಳು.

"ರೇಣುಕಾ, ಹುಂಡಿಗಿ ಹಾಕಿದ್ದು ವಾಪಸ್ ಬರತೈತೇನ?"

"ಇಲ್ಲತ್ತಿ."

ಯಮನೂರಮ್ಮ ತಲೆ ಆಡಿಸಿದಳು. ಮಗನ ಕೈಯನ್ನು ಅವನ ತೊಡೆಯ ಮೇಲೆ ಇಟ್ಟು, ಅದರ ಮೇಲೆ ಶಾಲು ಸರಿಮಾಡಿದಳು. ಸುಟ್ಟ ಕಲೆಯ ಕೈಯನ್ನು ಮಾತ್ರ ಬಿಡಲಿಲ್ಲ.

"ಮುನವ್ವರಾ, ನೀ ಉಂಡಿಯೇನಪಾ?"

"ಇಲ್ಲವ್ವಾ," ಎಂದ ಮುನವ್ವರ.

"ಹಂಗಾರ ಅವಗೊಂದು ತುತ್ತ ಉಣಸು, ನೀನೂ ಉಣ್ಣು. ಕದ್ದ ಉಣಸೂದು ಬ್ಯಾಡ. ಅನ್ನ ಆರತೈತಿ."

ಗೋವಿಂದರಾಜ ಅಳುತ್ತಲೇ ಬಾಯಿ ತೆರೆದ. ರೇಣುಕಾದೇವಿ ಸೌಟನ್ನು ಪಾತ್ರೆಯಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಮಧ್ಯಾಹ್ನದ ಪಾಳಿಗೆ ಕಣಕ್ಕೆ ಹೊರಟಳು.